ಮಗು ಕೇಳುವ ಮೊದಲೇ ಶಾಲೆ ತಯಾರಿರಲಿ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ಶಿಕ್ಷಕ-ರಕ್ಷಕ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹೆಡ್‌ಮಾಷ್ಟ್ರೇ, ಪಿ.ಟಿ.ಎ. ಅಧ್ಯಕ್ಷರೇ, ಟೀಚರುಗಳೇ, ತೋಟದ ಕೆಲಸ ಬದಿಗಿಟ್ಟು ಬಂದಿರುವ ಅಪ್ಪ ಅಮ್ಮಂದಿರೇ, ವಿಷಯಕ್ಕೆ ನೇರವಾಗಿ ಬರುತ್ತೇನೆ.

ಕೆಲವು ಮಕ್ಕಳಿಗೆ ಹುಟ್ಟಿದಾಗ ಬರೆಸಿದ 'ಗಂಡು' ಅಥವಾ 'ಹೆಣ್ಣು' ತನ್ನದು ಅಂತ ಅನಿಸುವುದಿಲ್ಲ. ಇವರನ್ನೇ ಟ್ರಾನ್ಸ್‌ಜೆಂಡರ್, ಚಿಕ್ಕದಾಗಿ ಟ್ರಾನ್ಸ್ ಅನ್ನುವುದು. ಕೆಲವರಿಗೆ ಇದು ಬಹಳ ಸಣ್ಣ ವಯಸ್ಸಿನಲ್ಲೇ ಗೊತ್ತಾಗುತ್ತದೆ, ಕೆಲವರಿಗೆ ಹೈಸ್ಕೂಲಿನಲ್ಲಿ ಮೈ ಬದಲಾಗುವಾಗ. ಇನ್ನು ಕೆಲವರು ಹುಡುಗನೇ, ಹುಡುಗಿಯೇ, ಆದರೆ ಅವರ ನಡಿಗೆ, ದನಿ, ಆಟ ನಾವು ಅಂದುಕೊಂಡ ಹಾಗೆ ಇರುವುದಿಲ್ಲ. ಇಬ್ಬರೂ ಒಂದೇ ಅಲ್ಲ. ಆದರೆ ಶಾಲೆಯಲ್ಲಿ ಇಬ್ಬರೂ ಕೇಳಿಸಿಕೊಳ್ಳುವ ಮಾತು ಒಂದೇ, ತಿನ್ನುವ ಪೆಟ್ಟೂ ಒಂದೇ. ಹಾಗಾಗಿ ನಾನು ಇವತ್ತು ಇಬ್ಬರ ಬಗ್ಗೆಯೂ ಮಾತಾಡುತ್ತೇನೆ.

'ನಮ್ಮ ಶಾಲೆಯಲ್ಲಿ ಅಂಥವರು ಯಾರೂ ಇಲ್ಲ' ಅಂತ ನಿಮಗೆ ಅನಿಸಬಹುದು. 2011ರ ಜನಗಣತಿಯಲ್ಲಿ ದೇಶದಲ್ಲಿ 4,87,803 ಜನ ಗಂಡು, ಹೆಣ್ಣು ಎರಡೂ ಅಲ್ಲದ 'ಇತರೆ' ಎಂಬಲ್ಲಿ ಸೇರಿದ್ದರು. ಅದರಲ್ಲಿ 54,854 ಮಂದಿ ಆರು ವರ್ಷದೊಳಗಿನ ಮಕ್ಕಳು. ಬರೆಸಿದ್ದು ಮನೆಯವರು, ಅಂದರೆ ಧೈರ್ಯವಾಗಿ ಹೇಳಿಕೊಂಡ ಮನೆಗಳ ಲೆಕ್ಕ ಮಾತ್ರ ಇದು. ಹೇಳದವರು ಎಷ್ಟೋ. ನಮ್ಮ ಶಾಲೆಯಲ್ಲಿ ಇಲ್ಲ ಅಂತ ಕಾಣುವುದು ಅವರು ಇಲ್ಲದ್ದಕ್ಕಲ್ಲ, ಹೇಳಿಕೊಂಡರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುವುದಕ್ಕೆ. ಕೆಲವರು ಹತ್ತನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಟ್ಟು ಹೋಗಿರುತ್ತಾರೆ. ಕೇರಳ ಸರ್ಕಾರ 2014-15ರಲ್ಲಿ ಟ್ರಾನ್ಸ್ ಸಮುದಾಯದ ಸರ್ವೇ ಮಾಡಿಸಿದಾಗ ಶೇ. 58ರಷ್ಟು ಜನ ಹತ್ತನೇ ತರಗತಿ ಮುಗಿಸಿಯೇ ಇರಲಿಲ್ಲ. ಅದಕ್ಕೆ ಒಂದು ದೊಡ್ಡ ಕಾರಣ, ಶಾಲೆಯಲ್ಲಿ ತಡೆಯಲಾಗದ ಕಿರುಕುಳ. ಆಮೇಲೆ ಅದೇ ಜನರನ್ನು ದೊಡ್ಡವರಾದ ಮೇಲೆ ಓದಿಗೆ ತರಲು ರಾಜ್ಯದ ಸಾಕ್ಷರತಾ ಮಿಷನ್ 'ಸಮನ್ವಯ' ಎಂಬ ಯೋಜನೆ ಮಾಡಬೇಕಾಯಿತು. ಒಳ್ಳೆಯ ಕೆಲಸವೇ. ಆದರೆ ನಾವು ಹನ್ನೆರಡು ವರ್ಷದ ಮಗುವನ್ನು ಉಳಿಸಿಕೊಂಡಿದ್ದರೆ ಮೂವತ್ತು ವರ್ಷದವರನ್ನು ಹುಡುಕಿಕೊಂಡು ಹೋಗುವ ಅಗತ್ಯ ಎಲ್ಲಿತ್ತು?

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2014ರ ಏಪ್ರಿಲ್‌ನಲ್ಲಿ ಟ್ರಾನ್ಸ್ ಜನರನ್ನು ಮೂರನೇ ಲಿಂಗ ಅಂತ ಗುರುತಿಸಿದ ಸುಪ್ರೀಂ ಕೋರ್ಟಿನ ನಾಲ್ಸಾ ಕೇಸಿನ ತೀರ್ಪು ಬಂತು. 2015ರಲ್ಲಿ ಕೇರಳ ದೇಶದಲ್ಲೇ ಮೊದಲು ಟ್ರಾನ್ಸ್‌ಜೆಂಡರ್ ನೀತಿ ತಂದಿತು. 2019ರ ಕೇಂದ್ರ ಕಾಯ್ದೆ, ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಟ್ರಾನ್ಸ್ ಮಕ್ಕಳಿಗೆ ಭೇದವಿಲ್ಲದೆ ಓದು, ಆಟ, ಮನರಂಜನೆ ಎಲ್ಲ ಕೊಡಬೇಕು ಅಂದಿತು. ದೂರು ಕೇಳಲು ಪ್ರತಿ ಸಂಸ್ಥೆಯಲ್ಲಿ ಒಬ್ಬ ಅಧಿಕಾರಿ ಇರಬೇಕು ಅಂತಲೂ ಹೇಳಿತು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಇಷ್ಟೆಲ್ಲ ಉಂಟು. ಆದರೆ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಟ್ರಾನ್ಸ್ ಶಿಕ್ಷಕಿಯೊಬ್ಬರ ಕೇಸಿನಲ್ಲಿ, 2019ರ ಆ ಟ್ರಾನ್ಸ್ ಕಾಯ್ದೆಯ ಜಾರಿಯ ವಿಷಯದಲ್ಲಿ ಸರ್ಕಾರಗಳು ತೀರಾ ಉದಾಸೀನವಾಗಿವೆ ಅಂತ ಹೇಳಬೇಕಾಯಿತು. ಎನ್‌ಸಿಇಆರ್‌ಟಿ ಎಂಬ ಕೇಂದ್ರದ ಶಾಲಾ ಶಿಕ್ಷಣ ಸಂಸ್ಥೆ 2021ರಲ್ಲಿ ಇಂಥ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಒಳಗೊಳ್ಳಬೇಕು ಅಂತ ಶಿಕ್ಷಕರಿಗಾಗಿ ಒಂದು ಕೈಪಿಡಿ ಹೊರತಂದಿತ್ತು, ಆಕ್ಷೇಪ ಬಂದದ್ದೇ ತಡ ಕೆಲವೇ ದಿನಗಳಲ್ಲಿ ಅದು ವೆಬ್‌ಸೈಟಿನಿಂದ ಮಾಯವಾಯಿತು. ನನಗೆ ಅದು ಇವತ್ತಿಗೂ ಬೇಸರದ ಸಂಗತಿ. ಮೇಲಿನಿಂದ ಎಲ್ಲ ಬರಲಿ ಅಂತ ಕಾದರೆ ನಮ್ಮ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿಬಿಡುತ್ತಾರೆ.

ಶಾಲೆಯ ಮಟ್ಟದಲ್ಲೇ ಮಾಡಬಹುದಾದದ್ದು ಬಹಳ ಉಂಟು. ಒಂದೇ ಮಾತು ನೆನಪಿಡಿ ಅಂತ ಕೇಳುತ್ತೇನೆ. ಮಗು ಬಂದು 'ನಾನು ಹೀಗೆ' ಅಂತ ಹೇಳುವವರೆಗೆ ಕಾಯಬಾರದು. ಹೇಳುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ, ಹೇಳಲೇಬೇಕು ಅಂತ ಒತ್ತಾಯ ಮಾಡುವ ಹಕ್ಕೂ ನಮಗಿಲ್ಲ. ಯಾರೂ ಏನೂ ಹೇಳದೆಯೇ ಸಲೀಸಾಗಿ ನಡೆಯುವ ಹಾಗೆ ಶಾಲೆ ಇರಬೇಕು.

ಟಾಯ್ಲೆಟ್ಟನ್ನೇ ತೆಗೆದುಕೊಳ್ಳಿ. ಎಂಟನೇ ಕ್ಲಾಸಿನ ಒಂದು ಮಗುವನ್ನು ಊಹಿಸಿ. ಗಂಡುಮಕ್ಕಳ ಕಡೆ ಹೋದರೆ ಚಡ್ಡಿ ಎಳೆಯುತ್ತಾರೆ, ಹೆಣ್ಣುಮಕ್ಕಳ ಕಡೆ ಹೋಗುವ ಹಾಗಿಲ್ಲ. ಆ ಮಗು ಏನು ಮಾಡುತ್ತದೆ? ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಸಂಜೆ ಮನೆಗೆ ಓಡುತ್ತದೆ. ನಮ್ಮ ಕಡೆಯ ಸೆಖೆಯಲ್ಲಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂತರೆ ಇನ್‌ಫೆಕ್ಷನ್ ಆಗುತ್ತದೆ, ತಲೆನೋವು ಬರುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ, ಕೊನೆಗೆ ಪ್ರೋಗ್ರೆಸ್ ಕಾರ್ಡಿನಲ್ಲಿ 'ಗಮನ ಸಾಲದು' ಅಂತ ನಾವೇ ಬರೆಯುತ್ತೇವೆ. ಇದಕ್ಕೆ ಹೊಸ ಕಟ್ಟಡ ಬೇಡ. ಒಂದು ಟಾಯ್ಲೆಟ್, ಒಳಗಿನಿಂದ ಚಿಲಕ ಹಾಕುವ ಗಟ್ಟಿ ಬಾಗಿಲು, ನೀರು, ಒಂದು ಡಸ್ಟ್‌ಬಿನ್. ಮೇಲೆ ಗಂಡಿನ ಚಿತ್ರವೂ ಬೇಡ, ಹೆಣ್ಣಿನ ಚಿತ್ರವೂ ಬೇಡ, 'ಟ್ರಾನ್ಸ್ ಮಕ್ಕಳಿಗೆ' ಅಂತ ಬೋರ್ಡಂತೂ ಖಂಡಿತ ಬೇಡ. ಬೋರ್ಡು ಹಾಕಿದ ದಿನವೇ ಅಲ್ಲಿಗೆ ಹೋಗುವ ಮಗು ಇಡೀ ಶಾಲೆಯ ಕಣ್ಣಿಗೆ ಬೀಳುತ್ತದೆ. ಕಾಲಿಗೆ ಪೆಟ್ಟಾದವರೂ, ಮುಟ್ಟಾದವರೂ, ಸುಮ್ನೆ ಒಬ್ಬರೇ ಇರಬೇಕು ಅನಿಸಿದವರೂ ಅದನ್ನೇ ಬಳಸಲಿ. ಎಲ್ಲರೂ ಬಳಸುವ ಜಾಗದಲ್ಲಿ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಯೂನಿಫಾರ್ಮ್ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ಜಗಳ ಜಾಸ್ತಿ ಆಯಿತು. ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಗರ ಸರ್ಕಾರಿ ಎಲ್.ಪಿ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಶರ್ಟು ಮತ್ತು ಮೊಣಕಾಲಿನ ಕೆಳಗೆ ಬರುವ ಚಡ್ಡಿ ತಂದರು. 2021ರ ಡಿಸೆಂಬರ್‌ನಲ್ಲಿ ಕೋಝಿಕ್ಕೋಡಿನ ಬಾಲುಶ್ಶೇರಿಯ ಹೈಯರ್ ಸೆಕೆಂಡರಿಯಲ್ಲಿ ಪ್ಯಾಂಟು-ಶರ್ಟು ಬಂತು. ಪರ-ವಿರೋಧ ಜೋರಾಯಿತು. 2022ರಲ್ಲಿ ಸರ್ಕಾರ, ಇದನ್ನು ಯಾರ ಮೇಲೂ ಹೇರುವುದಿಲ್ಲ ಅಂತ ಹೇಳಿತು. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲರಿಗೂ ಪ್ಯಾಂಟೇ ಆಗಬೇಕೆಂದೇನೂ ಇಲ್ಲ. ಒಂದೇ ಬಣ್ಣದಲ್ಲಿ ಪ್ಯಾಂಟು-ಶರ್ಟು ಉಂಟು, ಚೂಡಿದಾರ್ ಉಂಟು, ಯಾವುದು ಬೇಕೋ ಹಾಕಿಕೊಳ್ಳಲಿ, ತಲೆಗೆ ಬಟ್ಟೆ ಹಾಕುವವರು ಹಾಕಲಿ. ಇದಕ್ಕೆ ಪಿ.ಟಿ.ಎ. ತೀರ್ಮಾನ ಸಾಕು.

ಇನ್ನು ಕಲೋತ್ಸವ, ಅಂದರೆ ನಮ್ಮ ಶಾಲಾ ಮಕ್ಕಳ ಕಲಾ ಸ್ಪರ್ಧೆ. ಭರತನಾಟ್ಯ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಹೆಸರು ಕೊಡುವಾಗಲೇ ಮಗು ಸಿಕ್ಕಿಹಾಕಿಕೊಳ್ಳುತ್ತದೆ. ಆದರೆ ಯಕ್ಷಗಾನ ನೋಡಿ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ನಮ್ಮದೇ ಸೀಮೆ. ಇಲ್ಲಿ ಗಂಡಸರು ಹೆಣ್ಣುವೇಷ ಕಟ್ಟಿ ರಂಗಸ್ಥಳಕ್ಕೆ ಬಂದರೆ ನಾವು ಬೆಳಗಿನವರೆಗೆ ಕೂತು ನೋಡುತ್ತೇವೆ, ಆ ಒನಪು, ಆ ದನಿಯ ಬಗ್ಗೆ ವಾರಗಟ್ಟಲೆ ಮಾತಾಡುತ್ತೇವೆ. ಹೆಣ್ಣುವೇಷದ ಕಲಾವಿದರೆಲ್ಲ ಟ್ರಾನ್ಸ್ ಅಂತ ನಾನು ಹೇಳುತ್ತಿಲ್ಲ, ಅದು ಕಲೆ, ಇದು ಬದುಕು. ನಾನು ಕೇಳುವುದು ನೋಡುವವರನ್ನು. ರಂಗಸ್ಥಳದಲ್ಲಿ ನಮಗೆ ಅಷ್ಟು ಇಷ್ಟವಾಗುವ ನಡಿಗೆ ಶಾಲೆಯ ವರಾಂಡದಲ್ಲಿ ಕಂಡರೆ ಯಾಕೆ ಅಡ್ಡಹೆಸರು ಇಡುತ್ತೇವೆ? ಮಕ್ಕಳು ಇಟ್ಟರೆ ಕೆಲವು ಸಲ ಟೀಚರುಗಳೂ ನಗುತ್ತಾರೆ. ಟೀಚರು ನಕ್ಕ ಮೇಲೆ ಆ ಮಗುವಿಗೆ ದೂರು ಕೊಡಲು ಯಾರೂ ಉಳಿಯುವುದಿಲ್ಲ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಂದರೆ ಉಂಟು, ತಿರುವನಂತಪುರದಲ್ಲಿ ಕೂತವರಿಗೆ ಇದು ಹೊಳೆಯುವುದು ಕಷ್ಟ. ಸುತ್ತೋಲೆ ಬರುವುದು ಮಲಯಾಳದಲ್ಲಿ. ತರಬೇತಿ ಮಲಯಾಳದಲ್ಲಿ. ಶಾಲೆಗೆ ಬರುವ ಕೌನ್ಸೆಲರ್ ಎಷ್ಟೋ ಕಡೆ ಮಲಯಾಳ ಮಾತ್ರ ಬಲ್ಲವರು. ಕನ್ನಡ ಮಾಧ್ಯಮದಲ್ಲಿ ಕನ್ನಡ ಬಾರದವರನ್ನು ಪಾಠಕ್ಕೆ ಹಾಕಿದಾಗ ನಾವು ಹೋರಾಟ ಮಾಡಿದ್ದೇವೆ, ಸರಿಯಾಗಿಯೇ ಮಾಡಿದ್ದೇವೆ. ಕೌನ್ಸೆಲರ್ ವಿಷಯದಲ್ಲಿ ಯಾಕೆ ಸುಮ್ಮನಿದ್ದೇವೆ? ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಮಾತಾಡುವ, ಶಾಲೆಯಲ್ಲಿ ಕನ್ನಡ ಓದುವ ಮಗು ತನ್ನ ಮೈಯ ಬಗ್ಗೆ, ಯಾರಿಗೂ ಹೇಳದ ಗುಟ್ಟನ್ನು ಮೂರನೆಯದೋ ನಾಲ್ಕನೆಯದೋ ಭಾಷೆಯಲ್ಲಿ ಹೇಗೆ ಹೇಳೀತು? 'ಏನೂ ಇಲ್ಲ ಟೀಚರ್' ಅಂತ ಹೇಳಿ ಎದ್ದು ಬರುತ್ತದೆ. ಫೈಲಿನಲ್ಲಿ 'ಸಮಸ್ಯೆ ಇಲ್ಲ' ಅಂತ ದಾಖಲಾಗುತ್ತದೆ. ಗಡಿ ಶಾಲೆಗಳಿಗೆ ಕನ್ನಡ, ತುಳು ಬಲ್ಲ ಕೌನ್ಸೆಲರ್ ಬೇಕು ಅಂತ ನಾವು ಬರೆದು ಕೇಳಬೇಕು. ಅಲ್ಲಿಯವರೆಗೆ ನಮ್ಮ ಟೀಚರುಗಳಲ್ಲೇ ಇಬ್ಬರು, ಮಕ್ಕಳು ನಂಬುವಂಥವರು, ಇದಕ್ಕೆ ನಿಲ್ಲಲಿ.

ನಂಬಿಕೆ ಅಂದಾಗ ಒಂದು ಮಾತು ಹೇಳಲೇಬೇಕು. ಮಗು ಹೇಳಿಕೊಂಡದ್ದನ್ನು ಅದೇ ದಿನ ಮನೆಗೆ ಫೋನ್ ಮಾಡಿ ಹೇಳಬೇಡಿ. ನೀವು ಒಳ್ಳೆಯದಕ್ಕೇ ಮಾಡಬಹುದು, ಆದರೆ ಕೆಲವು ಮನೆಗಳಲ್ಲಿ ಅದರ ಫಲ ಬೆಲ್ಟಿನ ಪೆಟ್ಟು, ಇಲ್ಲವೇ ಮಂತ್ರವಾದಿ. ಮೊದಲು ಮಗುವನ್ನೇ ಕೇಳಿ, ಮನೆಯಲ್ಲಿ ಯಾರಿಗೆ ಹೇಳಬಹುದು, ಯಾವಾಗ ಹೇಳಬಹುದು ಅಂತ. ಅಜ್ಜಿ ಇರಬಹುದು, ಅತ್ತೆ ಇರಬಹುದು. ಲೈಂಗಿಕ ದೌರ್ಜನ್ಯ ಆಗಿದ್ದರೆ ಅದು ಬೇರೆ ವಿಷಯ, ಮಕ್ಕಳನ್ನು ಅದರಿಂದ ಕಾಪಾಡುವ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಜೀವಕ್ಕೆ ಅಪಾಯ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಾಗೆಯೇ ಅಪ್ಪ ಅಮ್ಮಂದಿರೇ, 'ಸರಿ ಮಾಡಿಕೊಡುತ್ತೇವೆ' ಅನ್ನುವ ಡಾಕ್ಟರನ್ನು ಹುಡುಕಿಕೊಂಡು ಮಂಗಳೂರಿಗೆ ಓಡಬೇಡಿ. ಇಂಥ ಮಕ್ಕಳನ್ನು ಬದಲಾಯಿಸುವ ಚಿಕಿತ್ಸೆ ಮಾಡುವುದು ವೃತ್ತಿಗೆ ಸಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಗು ಕೆಟ್ಟಿಲ್ಲ, ರಿಪೇರಿ ಮಾಡಲು ಅಲ್ಲಿ ಏನೂ ಇಲ್ಲ.

ಹೆಸರು, ರಿಜಿಸ್ಟರಿನ ವಿಷಯ ಬೇಗ ಹೇಳಿಬಿಡುತ್ತೇನೆ. ದಾಖಲೆಯ ಹೆಸರು ಬದಲಾಯಿಸಲು ಕಾನೂನಿನ ದಾರಿ ಬೇರೆ, ಅದಕ್ಕೆ ಸಮಯ ಬೇಕು. ಆದರೆ ಕ್ಲಾಸಿನಲ್ಲಿ ಯಾವ ಹೆಸರಿಂದ ಕರೆಯಬೇಕು ಅನ್ನುವುದಕ್ಕೆ ಯಾರ ಸಹಿಯೂ ಬೇಡ. ಎಷ್ಟೋ ಮಕ್ಕಳನ್ನು ನಾವು ಮನೆಯ ಹೆಸರಿಂದ ಕರೆಯುವುದಿಲ್ವಾ? ಅಸೆಂಬ್ಲಿಗೆ ಗಂಡು-ಹೆಣ್ಣು ಅಂತ ಸಾಲು ಮಾಡುವ ಬದಲು ಕ್ಲಾಸಿನ ಸಾಲು ಸಾಕು. ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟು 2021ರ ಜೂನ್‌ನಲ್ಲೇ ಎಲ್ಲರೂ ಬಳಸಬಹುದಾದ ಟಾಯ್ಲೆಟ್, ದಾಖಲೆಯಲ್ಲಿ ಹೆಸರು ಬದಲಾವಣೆ, ಅರ್ಜಿಯಲ್ಲಿ ಮೂರನೇ ಕಾಲಂ, ತಿಳಿದ ಕೌನ್ಸೆಲರ್ ಎಲ್ಲವನ್ನೂ ಹೇಳಿದೆ. ಅಲ್ಲಿಯ ಗಡಿಯ ಹೊಸೂರು, ತಾಳವಾಡಿ ಕಡೆಯ ಕನ್ನಡ ಶಾಲೆಯವರೂ ಇದನ್ನು ಹಿಡಿದು ಕೇಳಬಹುದು.

ಮುಂದಿನ ಪಿ.ಟಿ.ಎ. ಮೀಟಿಂಗಿನ ಅಜೆಂಡಾದಲ್ಲಿ ಇದನ್ನು ಸೇರಿಸಿ ಅಂತ ಹೆಡ್‌ಮಾಷ್ಟ್ರಲ್ಲಿ ಕೇಳಿಕೊಳ್ಳುತ್ತೇನೆ. ಒಂದು ಪುಟ ಸಾಕು, ಕನ್ನಡದಲ್ಲಿ. ಬೋರ್ಡಿಲ್ಲದ ಟಾಯ್ಲೆಟ್, ಎರಡು ಬಗೆಯ ಯೂನಿಫಾರ್ಮ್, ಅಡ್ಡಹೆಸರು ಕರೆದರೆ ಏನು ಕ್ರಮ, ಯಾವ ಟೀಚರಲ್ಲಿ ಹೇಳಬಹುದು, ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ ಅಂತ. ಅದನ್ನು ನೋಟಿಸ್ ಬೋರ್ಡಿಗೂ ಹಾಕಿ, ಜೂನ್‌ನಲ್ಲಿ ಎಡ್ಮಿಷನ್ ಫಾರ್ಮಿನ ಒಟ್ಟಿಗೆ ಪ್ರತಿ ಮನೆಗೂ ಕೊಡಿ. ಕರಡು ಬರೆಯಲು ಯಾರಾದರೂ ಜೊತೆಗೆ ಕೂರುವುದಾದರೆ ಸಭೆ ಮುಗಿದ ಮೇಲೆ ಇಲ್ಲೇ ಇರಿ, ನಾನೂ ಇರುತ್ತೇನೆ.