ಸೋಮವಾರದ ತೂಕಡಿಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸರ್ಕಾರಿ ಪದವಿ ಕಾಲೇಜೊಂದರಲ್ಲಿ ನಾನು 28 ವರ್ಷ ಇತಿಹಾಸ ಪಾಠ ಮಾಡಿದೆ. ಸೋಮವಾರ ಬೆಳಗಿನ ಮೊದಲ ಪೀರಿಯಡ್ ನನ್ನದೇ ಇರುತ್ತಿತ್ತು. ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಬೇರೆ ದಿನ ಬಹಳ ಚುರುಕು, ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದ. ಸೋಮವಾರ ಬಂತೆಂದರೆ ತೂಕಡಿಕೆ. ಒಂದು ದಿನ ಸಿಟ್ಟು ಬಂದು ಎಬ್ಬಿಸಿ ನಿಲ್ಲಿಸಿದೆ. ಅವನು ತಲೆ ತಗ್ಗಿಸಿ ನಿಂತ, ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದವನೇ ಹೇಳಿದ: "ಸಾರ್, ನಿನ್ನೆ ಅವನು ಕೇಟರಿಂಗ್‌ಗೆ ಹೋಗಿದ್ದ."

ಶನಿವಾರ ರಾತ್ರಿ ಛತ್ರದಲ್ಲಿ ರಿಸೆಪ್ಷನ್. ಭಾನುವಾರ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಮುಹೂರ್ತದ ಊಟ. ಪಂಕ್ತಿ ಮೇಲೆ ಪಂಕ್ತಿ ಬಡಿಸಬೇಕು, ಎಲೆ ಎತ್ತಬೇಕು, ಪಾತ್ರೆಗಳನ್ನು ಗಾಡಿಗೆ ತುಂಬಬೇಕು. ಆಮೇಲೆ ಬಸ್ ಹಿಡಿದು ರೂಮಿಗೆ ಬರಬೇಕು. ನಮ್ಮ ಊರುಗಳಲ್ಲಿ ಪದವಿ ಓದುವ ಎಷ್ಟೋ ಹುಡುಗರ ವಾರದ ಕೊನೆ ಹೀಗೇ ಕಳೆಯುತ್ತದೆ. ನಿಮ್ಮ ಮನೆ ಮದುವೆಯಲ್ಲಿ ಸಾರು ಬಡಿಸಿದ ಹುಡುಗ ಬಿ.ಎ. ಎರಡನೇ ವರ್ಷದವನಾಗಿದ್ದರೂ ಇರಬಹುದು. ಮದುವೆಯ ಕಾಲ, ಪರೀಕ್ಷೆಯ ಕಾಲ ಎರಡೂ ಒಟ್ಟಿಗೇ ಬರುತ್ತವೆ, ಅಲ್ವಾ? ಅವನ ಕಷ್ಟ ಅಲ್ಲಿತ್ತು.

ಹಾಸ್ಟೆಲ್‌ನಲ್ಲಿ ಅವನಿಗೆ ಸೀಟು ಸಿಕ್ಕಿರಲಿಲ್ಲ. ಹಾಗೆ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ವಿದ್ಯಾಸಿರಿ ಯೋಜನೆ ಇದೆ. ಆಗ ತಿಂಗಳಿಗೆ 1,500 ರೂಪಾಯಿ, 10 ತಿಂಗಳಿಗೆ 15,000 ಸಿಗುತ್ತಿತ್ತು. ಆ ವರ್ಷ ಅವನಿಂದ ಅರ್ಜಿ ಹಾಕಿಸಿದೆವು, ಮಂಜೂರಾಯಿತು. ಅವನು ಕೇಟರಿಂಗ್ ಪೂರ್ತಿ ಬಿಡಲಿಲ್ಲ. ಆದರೆ ಪರೀಕ್ಷೆಯ ಹಿಂದಿನ ಎರಡು ತಿಂಗಳು ಛತ್ರದ ಕಡೆ ಹೋಗಲಿಲ್ಲ. ಸಂಜೆ ಐದೂವರೆಗೆ ಲೈಬ್ರರಿ ಬಾಗಿಲು ಹಾಕುವಾಗ ಎದ್ದು ಹೋಗುವ ಕೊನೆಯ ಮೂವರಲ್ಲಿ ಅವನೂ ಇರುತ್ತಿದ್ದ.

15,000 ರೂಪಾಯಿ ಪಟ್ಟಣದಲ್ಲಿ ಒಂದು ವರ್ಷದ ಬಾಡಿಗೆ, ಊಟಕ್ಕೆ ಸಾಲುವುದಿಲ್ಲ. ಆದರೂ ಅದು ಬಂದೇ ಬರುತ್ತದೆ ಎಂಬ ನಂಬಿಕೆ ಇದ್ದಾಗ ವಿದ್ಯಾರ್ಥಿಯ ದಿನಚರಿಯೇ ಬೇರೆಯಾಗುತ್ತದೆ. ಎನ್‌ಎಸ್‌ಎಸ್ ಕ್ಯಾಂಪಿಗೆ ಹೆಸರು ಕೊಡುತ್ತಾನೆ. ಸಂಜೆ ಆಟಕ್ಕೆ ನಿಲ್ಲುತ್ತಾನೆ. ಕ್ಯಾಂಟೀನ್‌ನಲ್ಲಿ ಗೆಳೆಯರ ಜೊತೆ ಕೂತು ಒಂದು ಟೀ ಕುಡಿಯುತ್ತಾನೆ. ಕಾಲೇಜು ಎಂದರೆ ಇವೆಲ್ಲವೂ ತಾನೇ?

ಒಬ್ಬ ಹುಡುಗಿಯ ನೆನಪಾಗುತ್ತದೆ. ಬೇಲೂರು, ಹಂಪಿ, ಬಾದಾಮಿ, ಎಲ್ಲಿಗೆ ಪ್ರವಾಸ ಹೊರಟರೂ "ಮನೇಲಿ ಫಂಕ್ಷನ್ ಇದೆ ಸಾರ್" ಅನ್ನುತ್ತಿದ್ದಳು. ಇತಿಹಾಸ ಓದುವ ಹುಡುಗಿ ಮೂರು ವರ್ಷದಲ್ಲಿ ಒಂದು ಶಾಸನವನ್ನೂ ಹತ್ತಿರದಿಂದ ನೋಡಲಿಲ್ಲ. ಕೊನೆಯ ವರ್ಷ ಅವಳಿಗೆ ರೈತ ವಿದ್ಯಾನಿಧಿ ಬಂತು. 2021ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಿ.ಎ., ಬಿ.ಕಾಂ. ಓದುವ ರೈತರ ಮಕ್ಕಳಿಗೆ ವರ್ಷಕ್ಕೆ 5,000 ರೂಪಾಯಿ, ಹುಡುಗಿಯರಿಗೆ 5,500 ಸಿಗುತ್ತಿತ್ತು. ಅವಳು ಆ ಹಣದಲ್ಲಿ ಮೊದಲು ಕನ್ನಡಕ ಮಾಡಿಸಿಕೊಂಡಳು. ಅಷ್ಟು ದಿನ ಬೋರ್ಡು ಕಾಣದೆ ಗೆಳತಿಯ ನೋಟ್ಸ್ ನೋಡಿ ಬರೆದುಕೊಳ್ಳುತ್ತಿದ್ದಳಂತೆ. ಇದು ನನಗೆ ಗೊತ್ತಾಗಿರಲಿಲ್ಲ. ಈಗಲೂ ನೆನೆದರೆ ಮನಸ್ಸಿಗೆ ಬೇಜಾರಾಗುತ್ತದೆ.

ನಮ್ಮ ತಂದೆ ಮೈಸೂರಿನಲ್ಲಿ ವಾರಾನ್ನ ಮಾಡಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳನೇ ಮನೆ ಸಿಗದಿದ್ದರೆ ವಾರಕ್ಕೊಂದು ದಿನ ಉಪವಾಸ. ಉಂಡ ಮನೆಗಳ ಋಣವನ್ನು ಅವರು ಕೊನೆತನಕ ನೆನೆಯುತ್ತಿದ್ದರು. ಆದರೆ ಬಾಗಿಲ ಬಳಿ ನಿಂತು "ಅಮ್ಮಾ" ಎಂದು ಕೂಗುವಾಗ ಆಗುತ್ತಿದ್ದ ಸಂಕೋಚವನ್ನೂ ಮರೆತಿರಲಿಲ್ಲ. ಇನ್ನೊಂದು ಮಾತೂ ಹೇಳಲೇಬೇಕು. ಆ ಬಾಗಿಲುಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆಯುತ್ತಿರಲಿಲ್ಲ. ಯಾರ ಮನೆ ಮುಂದೆಯೂ ನಿಲ್ಲದೆ, ಹಕ್ಕಿನಿಂದ ಪಡೆಯುವ ಸ್ಕಾಲರ್‌ಶಿಪ್ಪಿಗೆ ಬೆಲೆ ಇರುವುದು ಅದಕ್ಕೇ.

ಪಾಠ ಮಾಡುವಾಗ ನಾನು ತಪ್ಪದೆ ಅಂಬೇಡ್ಕರ್ ಅವರ ವಿದ್ಯಾರ್ಥಿ ದಿನಗಳ ಬಗ್ಗೆ ಹೇಳುತ್ತಿದ್ದೆ. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟರು. ಅದರಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು, ಅಲ್ಲಿಂದ ಲಂಡನ್ನಿಗೆ ಹೋದರು. ಇಷ್ಟು ಎಲ್ಲರಿಗೂ ಗೊತ್ತು. ಆಮೇಲೆ ಆದದ್ದನ್ನು ಹೇಳುವವರು ಕಡಿಮೆ. ಮೂರು ವರ್ಷದ ವೇತನ ಇನ್ನೊಂದು ವರ್ಷ ಮುಂದುವರಿದು 1917ರಲ್ಲಿ ಮುಗಿಯಿತು. ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಅವರು ಹಡಗು ಹತ್ತಬೇಕಾಯಿತು. ಮತ್ತೆ ಅಲ್ಲಿಗೆ ಹೋದದ್ದು 1920ರಲ್ಲಿ. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯರೊಬ್ಬರು ಕೊಟ್ಟ ಸಾಲ, ಎಲ್ಲ ಸೇರಿಸಿ ಹೊರಟರು. ಅಂಥ ಬುದ್ಧಿವಂತರ ಓದನ್ನೇ ಹಣದ ಕೊರತೆ ಮೂರು ವರ್ಷ ನಿಲ್ಲಿಸಿತು. ನಮ್ಮ ತಾಲ್ಲೂಕಿನ ಹುಡುಗ ಒಂದು ಸೆಮಿಸ್ಟರ್ ಬಿಟ್ಟರೆ ಮತ್ತೆ ಬರುತ್ತಾನೆಯೇ? ನಾನು ನೋಡಿದಂತೆ, ಬಂದವರು ಬಹಳ ಕಡಿಮೆ.

ಅದಕ್ಕೇ ನನ್ನ ಚಿಂತೆ ಎಷ್ಟು ಹಣ ಬರುತ್ತದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದರ ಮೇಲೆ. ಫೀಸು ಕಟ್ಟುವುದು ವರ್ಷದ ಮೊದಲಿಗೆ. ಸ್ಕಾಲರ್‌ಶಿಪ್ ಕೆಲವು ಸಲ ಪರೀಕ್ಷೆ ಮುಗಿದ ಮೇಲೆ ಖಾತೆಗೆ ಬಿದ್ದದ್ದಿದೆ. ನಡುವಿನ ತಿಂಗಳುಗಳಲ್ಲಿ ಅಪ್ಪ ಸಾಲ ಮಾಡುತ್ತಾರೆ, ಅಮ್ಮನ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ತಡವಾಗಿ ಬಂದ ಹಣ ಬಡ್ಡಿಗೆ ಹೋಗುತ್ತದೆ.

ಇದರಲ್ಲಿ ನಮ್ಮ ಕೈಯಲ್ಲೇ ಇರುವ ಕೆಲಸವೂ ಇದೆ. ವಿದ್ಯಾರ್ಥಿಗಳೇ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಹಣ ಬರುವುದು ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ನೀವು ದಿನಾ ಬಳಸುವ ಖಾತೆ ಅದೇ ಆಗಿರಬೇಕೆಂದಿಲ್ಲ. ಎಷ್ಟೋ ಮಕ್ಕಳು "ನನಗೆ ಬಂದೇ ಇಲ್ಲ ಸಾರ್" ಎಂದು ಅಳುತ್ತಾ ಬಂದರು. ನೋಡಿದರೆ ಹಣ ಶಾಲೆಯಲ್ಲಿದ್ದಾಗ ತೆರೆದ ಹಳೆಯ ಖಾತೆಯಲ್ಲಿ ಸುಮ್ನೆ ಕೂತಿತ್ತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೂ ತೊಂದರೆಯಾಗಬಹುದು. ಕಾಲೇಜು ಸೇರಿದ ವಾರವೇ ಇವನ್ನೆಲ್ಲ ಸರಿಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಕೊನೆ ದಿನ ಓಡಬೇಡಿ.

ನಮ್ಮ ಕಾಲೇಜಿನಲ್ಲಿ ನಾವು ಏಳು ಜನ ಅಧ್ಯಾಪಕರು ತಿಂಗಳಿಗೆ ಇನ್ನೂರು, ಮುನ್ನೂರು ಸೇರಿಸಿ ಇಡುತ್ತಿದ್ದೆವು. ಸ್ಕಾಲರ್‌ಶಿಪ್ ಇನ್ನೂ ಬಾರದ ಮಕ್ಕಳಿಗೆ ಪರೀಕ್ಷಾ ಶುಲ್ಕ ಕಟ್ಟಲು ಅದರಿಂದ ಕೊಡುತ್ತಿದ್ದೆವು. ಒಂದು ನೋಟ್‌ಬುಕ್ಕಿನಲ್ಲಿ ರಿಜಿಸ್ಟರ್ ನಂಬರ್ ಮಾತ್ರ ಬರೆಯುತ್ತಿದ್ದೆವು, ಹೆಸರು ಬರೆಯುತ್ತಿರಲಿಲ್ಲ. ಹಣ ಬಂದ ಮೇಲೆ ಹೆಚ್ಚಿನವರು ತಂದು ಕೊಟ್ಟಿದ್ದಾರೆ. ಆ ಸೋಮವಾರದ ಹುಡುಗ ಕೆಲಸ ಸಿಕ್ಕ ಮೇಲೆ ಬಂದು, ತಾನು ಪಡೆದದ್ದರ ಜೊತೆಗೆ ಇನ್ನಿಬ್ಬರ ಶುಲ್ಕವನ್ನೂ ಮೇಜಿನ ಮೇಲಿಟ್ಟು ಹೋದ. ನಾನು ನಿವೃತ್ತನಾದ ದಿನ ಆ ನೋಟ್‌ಬುಕ್ಕನ್ನು ಕನ್ನಡ ವಿಭಾಗದ ಮೇಡಂ ಕೈಗೆ ಕೊಟ್ಟು ಬಂದೆ. ಮೊನ್ನೆ ಫೋನ್ ಮಾಡಿದ್ದರು. ಅದು ತುಂಬಿ, ಈಗ ಎರಡನೇ ನೋಟ್‌ಬುಕ್ ನಡೆಯುತ್ತಿದೆಯಂತೆ.

ನಮಸ್ಕಾರ.