ಜಾಲಿಗಿಡದ ಕೆಳಗಿನ ರೊಟ್ಟಿ

ಪ್ರಿಯ ಕೇಳುಗರೇ, ನಿಮಗೆಲ್ಲ ನನ್ನ ವಂದನೆಗಳು.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನಾನು ನಮ್ಮ ಸಭೆಯ, ಅಂದರೆ ಚರ್ಚಿನ, ಬಾಗಿಲವರೆಗೂ ಬಂದು ಅಲ್ಲೇ ನಿಂತುಬಿಟ್ಟೆ. ಕೈಯಲ್ಲಿ ಸಂಡೇ ಸ್ಕೂಲ್ ಪಾಠದ ಹಾಳೆಗಳಿದ್ದವು. ಒಳಗೆ ಹಾಡು ಶುರುವಾಗಿತ್ತು. ಆದರೆ ಹೊಸ್ತಿಲು ದಾಟಲು ನನಗೆ ಕಾಲೇ ಬರಲಿಲ್ಲ.

ಆಗ ಅಪ್ಪನಿಗೆ ಲಕ್ವ ಹೊಡೆದಿತ್ತು. ರಾತ್ರಿ ಮೂರು ಸಲ ಎದ್ದು ಅವರ ಮಗ್ಗುಲು ಬದಲಿಸಬೇಕಿತ್ತು. ಹಗಲಿಡೀ ಕೆಲಸ, ಸಂಜೆ ಪ್ರಾರ್ಥನಾ ಕೂಟ. ಸಭೆಯ ಕಾಣಿಕೆ ಲೆಕ್ಕವನ್ನೂ ನಾನೇ ಬರೆಯುತ್ತಿದ್ದೆ. ಹಿಂದಿನ ವಾರ ಆ ಲೆಕ್ಕದ ಬಗ್ಗೆ ಒಬ್ಬರು ಎಲ್ಲರ ಮುಂದೆ ಒಂದು ಮಾತು ಆಡಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಹೊರಗಿನವರು ಅಂದರೆ ತಡೆದುಕೊಳ್ಳಬಹುದು. ಜೊತೆಗೆ ಕೂತು ಪ್ರಾರ್ಥನೆ ಮಾಡುವವರು ಅಂದಾಗ ನೋವು ಜಾಸ್ತಿ, ಅಲ್ವಾ?

ಸಭೆಯಲ್ಲಿ ಸೇವೆ ಮಾಡುವ ತುಂಬಾ ಜನರಿಗೆ ಇಂಥ ಒಂದು ಬಾಗಿಲು ಗೊತ್ತಿರುತ್ತದೆ. ಬೇರೆಯವರಿಗೆ ದೇವರ ಮೇಲೆ ಭರವಸೆ ಇಡಿ ಎಂದು ಹೇಳುತ್ತೇವೆ. ಅದೇ ಮಾತನ್ನು ನಮಗೆ ನಾವು ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ನಮ್ಮ ನಂಬಿಕೆಯೇ ಸುಳ್ಳೇನೋ ಅನ್ನಿಸುತ್ತದೆ.

ಅದು ಸುಳ್ಳಲ್ಲ ಎಂದು ನನಗೆ ತೋರಿಸಿಕೊಟ್ಟವನು ಬೈಬಲಿನ ಪ್ರವಾದಿ ಎಲೀಯ.

ಅರಸುಗಳ ಮೊದಲನೆಯ ಪುಸ್ತಕದ 18ನೇ ಅಧ್ಯಾಯದಲ್ಲಿ ಅವನು ಕರ್ಮೆಲ್ ಬೆಟ್ಟದ ಮೇಲೆ ಬಾಳ ಎಂಬ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಲ್ಲುತ್ತಾನೆ. ಅವನು ಪ್ರಾರ್ಥಿಸಿದಾಗ ಬೆಂಕಿ ಇಳಿಯುತ್ತದೆ, ಆಮೇಲೆ ಮಳೆಯೂ ಬರುತ್ತದೆ. 19ನೇ ಅಧ್ಯಾಯಕ್ಕೆ ಬನ್ನಿ. ಬಾಳನನ್ನು ಪೂಜಿಸುತ್ತಿದ್ದ ಈಜೆಬೆಲ್ ರಾಣಿ ಕೊಲ್ಲುತ್ತೇನೆಂದು ಹೇಳಿಕಳುಹಿಸಿದ್ದೇ ತಡ, ಅದೇ ಮನುಷ್ಯ ಓಡಿಹೋಗುತ್ತಾನೆ. ಒಂದು ಜಾಲಿಗಿಡದ ಕೆಳಗೆ ಕೂತು, ಸಾಕಪ್ಪಾ ದೇವರೇ, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ.

ಇಲ್ಲಿ ಒಂದು ಸಣ್ಣ ಮಾತು ಇದೆ. ನಾನು ಎಷ್ಟೋ ವರ್ಷ ಅದನ್ನು ಗಮನಿಸದೇ ಓದಿದ್ದೆ. ಅಡವಿಗೆ ಹೋಗುವ ಮುಂಚೆ ಎಲೀಯ ತನ್ನ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟುಹೋಗುತ್ತಾನೆ. ದಣಿದ ಮನುಷ್ಯ ಮೊದಲು ಮಾಡುವ ಕೆಲಸ ಇದೇ. ಜೊತೆಗಿರುವವರನ್ನು ಹಿಂದೆ ಬಿಟ್ಟು ಒಬ್ಬನೇ ಮುಂದೆ ಹೋಗುತ್ತಾನೆ. ನಾನೂ ಹಾಗೇ ಮಾಡಿದ್ದೆ. ಅಪ್ಪ ಹೇಗಿದ್ದಾರೆ ಎಂದು ಯಾರಾದರೂ ಕೇಳಿದರೆ, ಪರವಾಗಿಲ್ಲ, ದೇವರಿದ್ದಾನೆ ಎಂದು ಹೇಳಿ ಸುಮ್ನೆ ಮುಂದೆ ನಡೆದುಬಿಡುತ್ತಿದ್ದೆ. ಕೇಳಿದವರನ್ನು ದೂರ ಇಡುವುದಕ್ಕೆ ನಾನು ದೇವರ ಹೆಸರು ಬಳಸುತ್ತಿದ್ದೆ.

ಎಲೀಯನಿಗೆ ದೇವರು ಏನು ಮಾಡಿದ ನೋಡಿ. ನಿನ್ನೆಯ ಬೆಂಕಿ ಮರೆತೆಯಾ ಎಂದು ಗದರಲಿಲ್ಲ. ದೇವದೂತನೊಬ್ಬ ಬಂದು ಅವನನ್ನು ತಟ್ಟಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ನೀರಿನ ತಂಬಿಗೆ ಇತ್ತು. ಎಲೀಯ ತಿಂದು, ಕುಡಿದು, ತಿರುಗಿ ಮಲಗಿದ. ಆಗಲೂ ದೂತ ಬೇಸರ ಮಾಡಿಕೊಳ್ಳಲಿಲ್ಲ. ಎರಡನೇ ಸಲ ಬಂದು ಎಬ್ಬಿಸಿ, ತಿನ್ನು, ನೀನು ನಡೆಯಬೇಕಾದ ದಾರಿ ದೊಡ್ಡದು ಅಂದ. ಉಪದೇಶಕ್ಕೆ ಮುಂಚೆ ಊಟ, ನಿದ್ದೆ, ಮತ್ತೆ ಊಟ. ನನಗೆ ಬೈಬಲಿನಲ್ಲಿ ಇದಕ್ಕಿಂತ ಮೃದುವಾದ ಜಾಗ ಕಡಿಮೆಯೇ ಕಾಣುತ್ತದೆ.

ಆ ಬಲದಿಂದ ಅವನು 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ. ಅಲ್ಲಿ ದೇವರ ಮುಂದೆ ತನ್ನ ದೂರು ಹೇಳಿಕೊಂಡ. ನಾನೊಬ್ಬನೇ ಉಳಿದಿದ್ದೇನೆ ಅಂದ. ಒಂದಲ್ಲ, ಎರಡು ಸಲ ಅಂದ. ಆದರೆ ಅವನು ಒಬ್ಬನೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು! ಯೆಹೋವನ 100 ಪ್ರವಾದಿಗಳನ್ನು ಗವಿಗಳಲ್ಲಿ ಬಚ್ಚಿಟ್ಟು ಸಾಕಿದ್ದೇನೆ ಎಂದು ಓಬದ್ಯ ಎಂಬುವನು ಹಿಂದಿನ ಅಧ್ಯಾಯದಲ್ಲೇ ಅವನಿಗೆ ಹೇಳಿದ್ದ. ಕೇಳಿದ್ದನ್ನೂ ದಣಿವು ಮರೆಸಿಬಿಡುತ್ತದೆ. ಬಾಳನಿಗೆ ಮಣಿಯದ 7,000 ಜನ ಇದ್ದಾರೆ ಎಂದು ದೇವರು ಹೇಳಿದ. ಜೊತೆಗೆ, ಅವನ ನಂತರ ಪ್ರವಾದಿಯಾಗಬೇಕಿದ್ದ ಎಲೀಷನನ್ನೂ ಕೊಟ್ಟ.

ಇಸ್ರಾಯೇಲ್ ಜನರನ್ನು ಐಗುಪ್ತದಿಂದ ನಡೆಸಿಕೊಂಡು ಬಂದ ಮೋಶೆಯದೂ ಇದೇ ಕಥೆ. ಬೈಬಲಿನ ಅರಣ್ಯಕಾಂಡದ 11ನೇ ಅಧ್ಯಾಯದಲ್ಲಿ ಅವನು, ಇಷ್ಟು ಜನರನ್ನು ನಾನೇ ಹೆತ್ತೆನಾ, ಒಬ್ಬನೇ ಹೊರಲಾರೆ, ಇದಕ್ಕಿಂತ ನನ್ನನ್ನು ಕೊಂದುಬಿಡು ಎಂದು ದೇವರ ಹತ್ತಿರ ಗೋಳಾಡುತ್ತಾನೆ. ದೇವರು ಅವನ ಭಾರ ಹೊರಲು 70 ಮಂದಿ ಹಿರಿಯರನ್ನು ಕೊಟ್ಟ.

ಹಾಗಾಗಿ ನಾನು ಒಂದನ್ನು ಗಟ್ಟಿಯಾಗಿ ನಂಬುತ್ತೇನೆ. ನಾವು ದೇವರ ಸಹಾಯ ಬೇಡುತ್ತೇವೆ. ಅದು ಮನುಷ್ಯರ ರೂಪದಲ್ಲಿ ಬಂದರೆ ಬೇಡ ಅನ್ನುತ್ತೇವೆ. ಹಾಗೆ ಬೇಡ ಅನ್ನುವುದನ್ನೇ ನಂಬಿಕೆ ಅಂದುಕೊಂಡಿದ್ದೇವೆ.

ಆ ಭಾನುವಾರ ನನಗೂ ಒಬ್ಬರು ಬಂದರು. ಸಭೆಯ ಹಿರಿಯ ತಾಯಿ. ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಕೈಯಿಂದ ಹಾಳೆಗಳನ್ನು ತೆಗೆದುಕೊಂಡರು. "ಮನೆಗೆ ಹೋಗು ಮಗಳೇ, ಮಲ್ಕೋ. ಮಕ್ಕಳನ್ನ ನಾನು ನೋಡ್ಕೋತೀನಿ" ಅಂದರು. ನಿಜ ಹೇಳಬೇಕೆಂದರೆ ನನಗೆ ಮೊದಲು ಅವಮಾನ ಆಯಿತು. ಆ ಮಕ್ಕಳು ನನ್ನ ಮಕ್ಕಳು, ಆ ಪಾಠ ನನ್ನ ಪಾಠ. ಮನೆಗೆ ಬಂದು ಅತ್ತೆ. ಆಮೇಲೆ ಮಧ್ಯಾಹ್ನದವರೆಗೆ ನಿದ್ದೆ ಮಾಡಿದೆ. ಎಷ್ಟೋ ತಿಂಗಳಿಂದ ಅಂಥ ನಿದ್ದೆ ಬಂದಿರಲಿಲ್ಲ.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಅಪ್ಪನ ಕೈಗೆ ಬಲ ಬರಲೇ ಇಲ್ಲ. ಅದಕ್ಕಾಗಿ ನಾವು ಮಾಡಿದ ಪ್ರಾರ್ಥನೆಗೆ ಲೆಕ್ಕವಿಲ್ಲ. ಯೇಸುವಿನ ಸುವಾರ್ತೆ ಸಾರಿದ ಪೌಲ ತನ್ನ ಶರೀರದ ಮುಳ್ಳನ್ನು, ಅಂದರೆ ತನ್ನನ್ನು ಬಿಡದೇ ಕಾಡುತ್ತಿದ್ದ ಒಂದು ನೋವನ್ನು, ತೆಗೆಯೆಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಆ ಉತ್ತರ ಓದಲು ಸುಲಭ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಪ್ಪಿಕೊಳ್ಳಲು ಕಷ್ಟ. ನನಗೆ ಅದು ಒಂದೇ ಸಲಕ್ಕೆ ಆಗಲಿಲ್ಲ. ಇಂದಿಗೂ ಕೆಲವು ರಾತ್ರಿ ಮತ್ತೆ ಮೊದಲಿನಿಂದ ಒಪ್ಪಿಕೊಳ್ಳಬೇಕಾಗುತ್ತದೆ.

ಅದೇ ಪೌಲ ತಾನು ಪಟ್ಟ ಕಷ್ಟಗಳನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪಟ್ಟಿ ಮಾಡುತ್ತಾನೆ. ಐದು ಸಲ ಚಾವಟಿ ಏಟು, ಮೂರು ಸಲ ಹಡಗು ಒಡೆದದ್ದು, ಒಂದು ಸಲ ಕಲ್ಲೆಸೆತ, ಹಸಿವು, ಚಳಿ. ಇವೆಲ್ಲ ಹೇಳಿದ ಮೇಲೆ ದಿನದಿನವೂ ತನ್ನನ್ನು ಒತ್ತುವ ಎಲ್ಲ ಸಭೆಗಳ ಚಿಂತೆಯನ್ನು ಹೇಳುತ್ತಾನೆ. ಸಭೆಯ ಚಿಂತೆ ಹೊತ್ತು ನಿದ್ದೆಗೆಟ್ಟಿರುವ ಸಭಾಪಾಲಕರು ಯಾರಾದರೂ ಕೇಳುತ್ತಿದ್ದರೆ, ಆ ವಚನ ನಿಮಗಾಗಿ ಬರೆದಿದೆ. ಅದು ಸಣ್ಣ ಭಾರ ಎಂದು ಪೌಲ ಎಣಿಸಲಿಲ್ಲ.

ಇನ್ನು ದಿನದ ಚಿಂತೆ. ಸಾಲ, ಔಷಧಿ, ಮಕ್ಕಳ ಓದು. ಅಡವಿಯಲ್ಲಿ ಮೋಶೆಯ ಜನರಿಗೆ ಆಕಾಶದಿಂದ ಮನ್ನಾ ಎಂಬ ಆಹಾರ ಬಿದ್ದಾಗ ದಿನಕ್ಕೆ ಒಬ್ಬರಿಗೆ ಒಂದು ಓಮೆರ್ ಅಳತೆ, ಅಷ್ಟೇ. ನಾಳೆಗೆಂದು ಎತ್ತಿಟ್ಟವರದ್ದು ಹುಳ ಬಿದ್ದು ನಾತ ಹಿಡಿಯಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಸಿಕ್ಕಿತು, ಅದು ಕೆಡಲಿಲ್ಲ. ಯಾಕೆಂದರೆ ಮರುದಿನ ಅವರು ವಿಶ್ರಾಂತಿ ತೆಗೆದುಕೊಳ್ಳಬೇಕಿತ್ತು. ನಮ್ಮ ವಿಶ್ರಾಂತಿಯನ್ನೂ ದೇವರು ಲೆಕ್ಕಕ್ಕೆ ಹಿಡಿದಿದ್ದಾನೆ. ನನಗೆ ಇದು ದೊಡ್ಡ ಸಮಾಧಾನ.

ಈಗ ಕಾಣಿಕೆ ಲೆಕ್ಕವನ್ನು ಇಬ್ಬರು ಸೇರಿ ಬರೆಯುತ್ತೇವೆ. ಅಪ್ಪ ಹೇಗಿದ್ದಾರೆ ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ಹಿರಿಯ ತಾಯಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಆರಾಧನೆ ಮುಗಿದ ಮೇಲೆ ಅವರ ಪಕ್ಕ ಕೂತು ನಾನು ಅಧ್ಯಾಯ ಓದುತ್ತೇನೆ, ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಹೋದ ವಾರ ಏನು ಓದಲಿ ಎಂದು ಕೇಳಿದೆ. "ಅದೇ, ರೊಟ್ಟಿಯದ್ದು" ಅಂದರು.

ನಮಸ್ಕಾರ.