ಕೊಡ ಹೊತ್ತವಳ ಕೆಲಸ ಸೊನ್ನೆಯಂತೆ!

ನಮಸ್ಕಾರ. ಹೈಸ್ಕೂಲಿನ ಒಂದು ಪ್ರಶ್ನೆ ನಿಮಗೂ ನೆನಪಿರಬಹುದು. ತಲೆ ಮೇಲೆ ತುಂಬಿದ ಕೊಡ ಹೊತ್ತು ಒಬ್ಬ ಹೆಂಗಸು ಸಮತಟ್ಟಾದ ದಾರೀಲಿ ಒಂದು ಕಿಲೋಮೀಟರ್ ನಡೀತಾಳೆ. ಕೊಡದ ಭಾರ ಹೊರೋದಕ್ಕೆ ಅವಳು ಮಾಡಿದ ಕೆಲಸ ಎಷ್ಟು? ಉತ್ತರ, ಸೊನ್ನೆ. ಒಂದು ಮಾರ್ಕು.

ವಿಜ್ಞಾನದಲ್ಲಿ ಕೆಲಸ ಅಂದ್ರೆ ಬಲ, ಸರಿದ ದೂರ, ಅವೆರಡರ ನಡುವಿನ ಕೋನದ ಕಾಸ್, ಈ ಮೂರರ ಗುಣಲಬ್ಧ. ಇಲ್ಲಿ ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ, ನಡುವೆ 90 ಡಿಗ್ರಿ, ಕಾಸ್ 90 ಅಂದ್ರೆ ಸೊನ್ನೆ. ಲೆಕ್ಕ ಸರಿಯಾಗೇ ಇದೆ. ನನ್ನ ತಕರಾರು ಏನಂದ್ರೆ, ಅಲ್ಲಿಗೇ ಪುಸ್ತಕ ಮುಚ್ಚಿಬಿಡ್ತೀವಿ. ಆ ಸೊನ್ನೆ ಕೊಡದ ಲೆಕ್ಕ ಕಣ್ರೀ, ಹೊತ್ತವಳದ್ದಲ್ಲ!

ಹಳೇ ದಾರಿಗಳ ಪಕ್ಕ ಹೊರೆಗಲ್ಲು ನೋಡಿದೀರಲ್ಲ? ಎರಡು ಕಲ್ಲು ನೆಟ್ಟು, ಮೇಲೊಂದು ಚಪ್ಪಡಿ. ಅದು ವರ್ಷಗಟ್ಟಲೆ ಹೊರೆ ಹೊತ್ತರೂ ಒಂದು ತುತ್ತು ಕೇಳಲ್ಲ. ನಮ್ಮ ಕತ್ತು ಕೇಳುತ್ತೆ. ಯಾಕಂದ್ರೆ ಸ್ನಾಯು ಕಲ್ಲಿನ ಹಾಗೆ ಸುಮ್ಮನೆ ನಿಲ್ಲೋ ವಸ್ತು ಅಲ್ಲ. ಭಾರ ಅಲ್ಲಾಡದೆ ನಿಂತಿದ್ರೂ ಒಳಗಿನ ಎಳೆಗಳು ಹಿಡೀತಾ, ಬಿಡ್ತಾ, ಮತ್ತೆ ಹಿಡೀತಾ ಇರ್ತವೆ. ಪ್ರತಿ ಹಿಡಿತಕ್ಕೂ ಅನ್ನದಿಂದ ಬಂದ ಶಕ್ತಿ ಖರ್ಚು. ಅದಷ್ಟೂ ಶಾಖ ಆಗುತ್ತೆ. ಶಕ್ತಿ ಎಲ್ಲೂ ಮಾಯ ಆಗಿಲ್ಲ. ಕೊಡಕ್ಕೆ ಸೇರಲಿಲ್ಲ, ಅಷ್ಟೇ.

ಹಾಗಾದ್ರೆ ಕೊಡಕ್ಕೆ ಶಕ್ತಿ ಸೇರೋದು ಯಾವಾಗ? ಬಾವಿಯಿಂದ ಸೇದುವಾಗ. 15 ಲೀಟರ್ ನೀರನ್ನ 10 ಮೀಟರ್ ಮೇಲೆತ್ತಿದ್ರೆ, ಕೊಡ-ಹಗ್ಗದ ತೂಕ ಬಿಡಿ, 1,470 ಜೂಲ್ (ಶಕ್ತಿ ಅಳೆಯೋ ಮಾನ). ನೂರು ಕೊಡಕ್ಕೆ 1,47,000. ಕೇಳೋಕೆ ದೊಡ್ಡದು. ಆದ್ರೆ ಒಂದು ಯೂನಿಟ್ ಕರೆಂಟು ಅಂದ್ರೆ 36 ಲಕ್ಷ ಜೂಲ್! ಆ ನೂರು ಕೊಡ, ಅಷ್ಟೂ ರಟ್ಟೆನೋವು, ಕರೆಂಟ್ ಬಿಲ್ಲಿನಲ್ಲಿ ಒಂದು ಯೂನಿಟ್‌ನ ಇಪ್ಪತ್ನಾಲ್ಕನೇ ಒಂದು ಪಾಲು. ರಾಗಿ ಹಿಟ್ಟಲ್ಲಿ ಹೇಳೋದಾದ್ರೆ ಹತ್ತು ಹನ್ನೊಂದು ಗ್ರಾಂ. ಅಷ್ಟು ತಿಂದು ಯಾರಾದ್ರೂ ನೂರು ಕೊಡ ಸೇದ್ತಾರಾ? ಇಲ್ಲ. ಸ್ನಾಯು ಖರ್ಚು ಮಾಡೋದರಲ್ಲಿ ಮುಕ್ಕಾಲು ಪಾಲು ಬಿಸಿಯಾಗೇ ಹೋಗುತ್ತೆ, ಜೊತೆಗೆ ಬಗ್ಗಿ ಏಳೋ ಮೈಭಾರ ಬೇರೆ. ರಾಟೆ ಇದ್ರೆ ಎಳೆಯೋ ದಿಕ್ಕು ಬದಲಾಗುತ್ತೆ, ಜೂಲ್ ಒಂದೂ ಕಮ್ಮಿ ಆಗಲ್ಲ.

ತಮಾಷೆ ನೋಡಿ, ಈ ಶಕ್ತಿ ಸಂರಕ್ಷಣೆ, ಅಂದ್ರೆ ಶಕ್ತಿ ರೂಪ ಬದಲಿಸುತ್ತೆ, ಮಾಯ ಆಗಲ್ಲ ಅನ್ನೋ ವಿಚಾರ ಶುರುವಾದ ದಾರಿಗಳಲ್ಲಿ ಒಂದು ಮನುಷ್ಯನ ಮೈಯೇ. ರಾಬರ್ಟ್ ಮೇಯರ್ ಅಂತ ಜರ್ಮನ್ ವೈದ್ಯ. 1840ರಲ್ಲಿ ಡಚ್ ಹಡಗಿನ ಡಾಕ್ಟರಾಗಿ ಜಾವಾಗೆ ಹೋದ. ಚಿಕಿತ್ಸೆಗೆ ಅಂತ ನಾವಿಕರ ರಕ್ತನಾಳ ಕುಯ್ದಾಗ, ಕಪ್ಪಗಿರಬೇಕಾದ ಅಭಿಧಮನಿಯ ರಕ್ತ ಕೆಂಪಗಿತ್ತು. ಸೆಕೆ ನಾಡಲ್ಲಿ ಮೈ ಬೆಚ್ಚಗಿಡೋಕೆ ಕಮ್ಮಿ ಉರುವಲು ಸಾಕು, ಆಮ್ಲಜನಕ ಉಳೀತು ಅಂತ ಅವನ ಊಹೆ. ಶಾಖ, ಚಲನೆ ಎರಡನ್ನೂ ಒಂದೇ ಖಾತೆಗೆ ಹಾಕಿ 1842ರಲ್ಲಿ ಪ್ರಕಟಿಸಿದ. ತಿಂದ ಅನ್ನ, ಮೈಯ ದುಡಿಮೆಯನ್ನೂ ಅದೇ ಖಾತೆಗೆ ಸೇರಿಸಿ 1845ರಲ್ಲಿ ಬರೆದ.

ಮೈಯಿಂದ ಹುಟ್ಟಿದ ಪಾಠದಿಂದ ನಾವು ಮೈಯನ್ನೇ ಹೊರಗೆ ಹಾಕಿ, ಬಲದ ದಿಕ್ಕು ತೋರಿಸೋ ಬಾಣದ ಗುರುತು ಮಾತ್ರ ಉಳಿಸಿಕೊಂಡಿದೀವಿ.

ಪ್ರಶ್ನೆಪತ್ರಿಕೆ ತೆಗೆಯೋ ಮೇಷ್ಟ್ರುಗಳೇ, ಆ ಒಂದು ಮಾರ್ಕಿನ ಪ್ರಶ್ನೆ ಇರಲಿ. ಕೆಳಗೆ ಇನ್ನೊಂದು ಸೇರಿಸಿ: ಕೆಲಸ ಸೊನ್ನೆಯಾದರೆ ಅವಳಿಗೆ ಬೆವರು ಬಂದದ್ದು ಹೇಗೆ? ನಾಲ್ಕು ಮಾರ್ಕು.